ಮುಂದೆ ಅಪ್ಪನ ಗೇರ್, ಹಿಂದೆ ಕಾಕಾನ ಗೇರ್

ಜೀಪಿಗೆ ದೊಡ್ಡ ಟೈರು ಹಾಕಿಸಿದ್ದು ತಪ್ಪೆಂದು ನಾನು ಇವತ್ತಿನವರೆಗೂ ಒಪ್ಪಿಕೊಂಡಿಲ್ಲ, ಮುಂದೆಯೂ ಒಪ್ಪಿಕೊಳ್ಳುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಓದುತ್ತ ಓದುತ್ತ ಅರ್ಧ ದಾರಿಗೆ ಬರುವಷ್ಟರಲ್ಲಿ ನಿಮಗೂ ‘ಹಳೆಯ ಟೈರನ್ನೇ ವಾಪಸ್ ಹಾಕಿಸಬಹುದಿತ್ತಲ್ಲ’ ಎಂದು ಅನ್ನಿಸುತ್ತದೆ. ನನ್ನ ಅಮ್ಮನಿಗೆ ಅನ್ನಿಸಿತ್ತು, ನಮ್ಮ ಕಟ್ಟಡದ ವಾಚ್‌ಮನ್‌ಗೆ ಅನ್ನಿಸಿತ್ತು, ನವಿ ಮುಂಬಯಿಯ ನೆರೂಳ್ ಸ್ಟೇಷನ್ನಿನ ಹೊರಗೆ ವಡಾಪಾವ್ ಕರಿಯುವವನು ಕೂಡ ಜಾಲರಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟು ಹೊರಗೆ ಬಂದು ಟೈರು ನೋಡಿ ಅದೇ ಮಾತು ಹೇಳಿದ್ದ. ಸುಲಭದ ಉಪಾಯ ಹೇಳುವವರಿಗೆ ಈ ಊರಿನಲ್ಲಿ ಬರವಿಲ್ಲ. ಆದರೆ ಸುಲಭದ ಉಪಾಯವೇ ನನಗೆ ಬೇಕಾಗಿದ್ದರೆ ಜೀಪನ್ನೇಕೆ ಕೊಳ್ಳಬೇಕಿತ್ತು? ಹಾರ್ಬರ್ ಲೈನಿನ ಲೋಕಲ್ ರೈಲು ಇರಲಿಲ್ಲವೇ? ಬಾಗಿಲ ಹತ್ತಿರ ಒಂದು ಕಾಲಿಗೆ ಜಾಗ ಸಿಕ್ಕರೆ ಸಾಕು, ಇನ್ನೊಂದು ಕಾಲನ್ನು ಯಾರಾದರೂ ಇಟ್ಟುಕೊಂಡಿರುತ್ತಾರೆ.

ಜೀಪು ಹಳೆಯದು, ನನ್ನ ಪಾಲಿಗೆ ಹೊಸದು. ಅದರ ಮೂಲ ಟೈರುಗಳು ಎಷ್ಟು ಸಣ್ಣವೆಂದರೆ, ಪೈಲ್ವಾನನೊಬ್ಬ ತನ್ನ ತಂಗಿಯ ಚಪ್ಪಲಿ ಮೆಟ್ಟಿಕೊಂಡು ಬಂದಂತೆ ಕಾಣುತ್ತಿತ್ತು. ನಾನು ಸೊಂಟದೆತ್ತರದ, ಕಚ್ಚುಕಚ್ಚಾದ, ಕೆಸರು ಕಂಡರೆ ನಗುವಂಥ ಟೈರುಗಳನ್ನು ಹಾಕಿಸಿದೆ. ಜೀಪು ಎದ್ದು ನಿಂತಿತು. ಪಾಮ್ ಬೀಚ್ ರಸ್ತೆಯಲ್ಲಿ ಹೋಗುವಾಗ ಪಕ್ಕದ ಕಾರಿನ ಮಕ್ಕಳು ಗಾಜು ಇಳಿಸಿ ಕೈ ಬೀಸಿದರು. ಎರಡು ದಿನ ನಾನು ಹೀರೋ. ಮೂರನೆಯ ದಿನ ಗೊತ್ತಾಯಿತು, ಜೀಪು ಎದ್ದು ನಿಂತಿದೆ ನಿಜ, ಆದರೆ ನಡೆಯುವ ಶಕ್ತಿ ಅದಕ್ಕೆ ಉಳಿದಿಲ್ಲ. ಟೈರು ದೊಡ್ಡದಾದರೆ ಪ್ರತಿ ಸುತ್ತಿಗೂ ಗಾಡಿ ಹೆಚ್ಚು ದೂರ ಹೋಗಬೇಕು. ತಳ್ಳುವ ಎಂಜಿನ್ ಮಾತ್ರ ಹಳೆಯದೇ. ಇದನ್ನು ಅಮ್ಮನಿಗೆ ಅರ್ಥ ಮಾಡಿಸಲು, “ಅಮ್ಮ, ನಮ್ಮ ಗ್ರೈಂಡರಿಗೆ ಅದೇ ಮೋಟರ್ ಇಟ್ಟು ದೊಡ್ಡ ಕಲ್ಲು ಹಾಕಿದ ಹಾಗೆ” ಎಂದೆ. ಅಮ್ಮ ಉದ್ದು ತೊಳೆಯುತ್ತ, “ಹಾಗಾದ್ರೆ ಸಣ್ಣ ಕಲ್ಲೇ ಹಾಕು ಮಾರಾಯ, ಹಿಟ್ಟು ಅರೆದ್ರೆ ಸಾಕಲ್ಲ” ಎಂದಳು. ಹೋಲಿಕೆಗಳನ್ನು ಕೊಟ್ಟು ವಾದ ಮಾಡಬಾರದು ಎಂಬುದನ್ನು ನಾನು ಆವತ್ತು ಕಲಿತೆ.

ನಿಜವಾದ ತೊಂದರೆ ಶುರುವಾದದ್ದು ನಮ್ಮ ಸೊಸೈಟಿಯ ಪಾರ್ಕಿಂಗಿನ ಏರಿನಲ್ಲಿ. ನಮ್ಮ ಕಟ್ಟಡದಲ್ಲಿ ಪಾರ್ಕಿಂಗ್ ಇರುವುದು ಮೊದಲ ಮಹಡಿಯಲ್ಲಿ. ಅಲ್ಲಿಗೆ ಹೋಗಲು ಒಂದು ಸಿಮೆಂಟಿನ ಏರು. ಒಂದೇ ಗಾಡಿ ಹೋಗುವಷ್ಟು ಅಗಲ, ಬಾಗಿ ಹೋಗುವ ತಿರುವು. ಒಂದು ಸೋಮವಾರ ಬೆಳಗ್ಗೆ ಪೆಟ್ರೋಲು ಹಾಕಿಸಿಕೊಂಡು ಬಂದು ಮೇಲೆ ಹತ್ತುವಾಗ ಜೀಪು ನಡು ಏರಿನಲ್ಲಿ ಒಮ್ಮೆ ಕೆಮ್ಮಿ ಆರಿಹೋಯಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಕೆಮ್ಮಿತು. ಕ್ಲಚ್ಚಿನ ಸುಟ್ಟ ವಾಸನೆ ಮೇಲಕ್ಕೆ ಹೋಯಿತು, ನಾನು ಹೋಗಲಿಲ್ಲ. ಮೇಲೆ ಆಫೀಸಿಗೆ ಇಳಿಯಬೇಕಾದ ಕಾರುಗಳು, ಕೆಳಗೆ ಹಾಲಿನವನ ಟೆಂಪೊ, ಅದರ ಹಿಂದೆ ಶಾಲೆಯ ಬಸ್ಸು. ಎಲ್ಲರೂ ತಂತಮ್ಮ ಮಾತೃಭಾಷೆಯಲ್ಲಿ ಹಾರ್ನ್ ಹೊಡೆದರು. ಕೊನೆಗೆ ಹಗ್ಗ ಕಟ್ಟಿ ಹಿಮ್ಮುಖವಾಗಿ ಇಳಿಸಬೇಕಾಯಿತು.

ಸಂಜೆ ಸೊಸೈಟಿಯ ಸೆಕ್ರೆಟರಿ ನಾಗೇಂದ್ರ ಸರ್ ಮನೆಗೆ ಬಂದರು. ಅವರು ಮೈಸೂರಿನವರು, ಹಣಕಾಸಿನ ಕಂಪನಿಯಲ್ಲಿ ದೊಡ್ಡ ಹುದ್ದೆ. ಅವರು ಬೈದರೆ ಬೈಸಿಕೊಂಡವನಿಗೆ ಬೈದದ್ದು ಎರಡು ದಿನದ ಮೇಲೆ ತಿಳಿಯುತ್ತದೆ. ಅಮ್ಮ ಕೊಟ್ಟ ಕಾಫಿಯನ್ನು ಹೊಗಳಿ, ಮನೆಯ ಪರದೆಗಳನ್ನು ಹೊಗಳಿ, ಆಮೇಲೆ ನನ್ನ ಕಡೆಗೆ ತಿರುಗಿ, “ತಪ್ಪು ತಿಳ್ಕೋಬೇಡ ಕಣಪ್ಪಾ, ಗಾಡಿ ತುಂಬಾ ಚೆನ್ನಾಗಿದೆ. ಕಾಡಿನಲ್ಲಿದ್ರೆ ಇನ್ನೂ ಚೆನ್ನಾಗಿರತ್ತೆ” ಎಂದರು. ಸಾರಾಂಶ ಇಷ್ಟು: ಜೀಪು ಇನ್ನೊಮ್ಮೆ ಎಲ್ಲಾದರೂ ದಾರಿ ಕಟ್ಟಿ ನಿಂತರೆ ಕಮಿಟಿ ಅದರ ಪಾರ್ಕಿಂಗನ್ನು ರದ್ದು ಮಾಡುತ್ತದೆ. ಅವರು ಹೋದ ಮೇಲೆ ಅಪ್ಪ ಒಂದೇ ಮಾತು ಹೇಳಿದರು: “ಜಾಗ ಹೋದ್ರೆ ಜೀಪು ಮಾರುದು. ನವಿ ಮುಂಬಯಿಯಲ್ಲಿ ಮಗ ರಸ್ತೆಯಲ್ಲಿ ಮಲಗ್ಬಹುದು, ಗಾಡಿ ಮಲಗ್ಲಿಕ್ಕೆ ಜಾಗ ಇಲ್ಲ.” ಹೀಗೆ ನನ್ನ ಜೀಪಿನ ಜೀವ ಆ ಏರಿನ ಮೇಲೆ ತೂಗಿ ನಿಂತಿತು. ಹಳೆಯ ಟೈರು ಹಾಕಿದರೆ ಒಂದೇ ಮಧ್ಯಾಹ್ನದಲ್ಲಿ ಎಲ್ಲವೂ ಸರಿಹೋಗುತ್ತಿತ್ತು. ಹಾಕಲಿಲ್ಲ. ನಾಗೇಂದ್ರ ಸರ್ ಕಾಫಿ ಹೊಗಳಿದ ರೀತಿ ನನಗೆ ಹಿಡಿಸಿರಲಿಲ್ಲ.

ಇನ್ನೊಂದು ದಾರಿ ಇತ್ತು. ಜೀಪಿನ ಮುಂದಿನ ಚಕ್ರಗಳ ನಡುವೆ ಒಂದು, ಹಿಂದಿನ ಚಕ್ರಗಳ ನಡುವೆ ಒಂದು, ಹೀಗೆ ಎರಡು ಆಕ್ಸಲ್. ಪ್ರತಿ ಆಕ್ಸಲಿನ ಹೊಟ್ಟೆಯಲ್ಲಿ ಒಂದು ಜೊತೆ ಹಲ್ಲಿನ ಗೇರ್. ಎಂಜಿನ್ ಕಡೆಯಿಂದ ಬರುವ ದಂಡ ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎಂಬುದೇ ಅದರ ನಂಬರು. ನಂಬರು ಹೆಚ್ಚಾದಷ್ಟೂ ಎಳೆಯುವ ಬಲ ಹೆಚ್ಚು, ಓಟ ಕಡಿಮೆ. ನಂಬರು ಕಡಿಮೆಯಾದಷ್ಟೂ ಓಟ ಹೆಚ್ಚು, ಬಲ ಕಡಿಮೆ. ನನ್ನ ಜೀಪಿನಲ್ಲಿದ್ದದ್ದು ಮೂರು ಎಪ್ಪತ್ಮೂರು, ಅಂದರೆ ಮೂರೂಮುಕ್ಕಾಲಿಗೆ ಚೂರು ಕಡಿಮೆ ಸುತ್ತು. ದೊಡ್ಡ ಟೈರಿಗೆ ಅದು ಸಾಲದು. ನಾಲ್ಕು ಇಪ್ಪತ್ತೇಳು ಹಾಕಬಹುದು, ನಾಲ್ಕು ಎಂಬತ್ತೆಂಟು ಹಾಕಬಹುದು. ಎರಡೂ ತುರ್ಭೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಆರಿಸುವುದೊಂದೇ ಬಾಕಿ. ಇಷ್ಟು ಸಣ್ಣ ವಿಷಯವನ್ನು ನಾನು ಬಾಯಿ ಮುಚ್ಚಿಕೊಂಡು ಆರಿಸಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಊಟಕ್ಕೆ ಕುಳಿತಾಗ ಬಾಯಿ ತೆರೆಯಲೇಬೇಕಲ್ಲ.

ಅಪ್ಪನಿಗೆ ಗಾಡಿ ಎಂದರೆ ವರ್ಷಕ್ಕೊಮ್ಮೆ ಉಡುಪಿಗೆ ಹೋಗುವ ಸಾಧನ. ಉಳಿದ ಮುನ್ನೂರೈವತ್ತು ಚಿಲ್ಲರೆ ದಿನ ಅದು ಆ ಒಂದು ಪ್ರಯಾಣಕ್ಕಾಗಿ ಕಾಯುತ್ತ ನಿಂತಿರಬೇಕು. ತುರ್ಭೆಯ ಕಾರ್ಖಾನೆಗಳ ನಡುವೆ ಮೂವತ್ತು ವರ್ಷ ಕ್ಯಾಂಟೀನು ನಡೆಸಿದ ಅವರ ಮನಸ್ಸು ಇಡ್ಲಿ ಬೇಯುವಾಗಲೂ ಹೈವೇಯಲ್ಲೇ ಇರುತ್ತಿತ್ತು. “ನಾಲ್ಕು ಇಪ್ಪತ್ತೇಳೇ ಹಾಕು,” ಎಂದರು. “ಎಂಬತ್ತೆಂಟು ಹಾಕಿದ್ರೆ ಎಂಜಿನ್ ಬೊಬ್ಬೆ ಹೊಡೀತದೆ. ಪನ್ವೇಲ್ ದಾಟಿದ ಮೇಲೆ ಅಷ್ಟು ದೂರ ಆ ಬೊಬ್ಬೆ ಕೇಳಿಕೊಂಡು ಹೋಗುದಾ? ಊರು ಮುಟ್ಟುವಾಗ ನಾವು ಕಿವುಡರಾಗಿರ್ತೇವೆ. ನಿನ್ನ ಅಜ್ಜಿಯತ್ರ ಮಾತಾಡುದು ಹೇಗೆ?” ಅಜ್ಜಿಗೇ ಕಿವಿ ಕೇಳಿಸುವುದಿಲ್ಲ ಎಂದೆ. “ಅದಕ್ಕೇ ಹೇಳಿದ್ದು, ಒಬ್ಬರಿಗಾದ್ರೂ ಕೇಳ್ಬೇಕಲ್ಲ!” ಎಂದರು.

ಎರಡನೆಯ ಅಭಿಪ್ರಾಯ ಬಿ ವಿಂಗಿನ ಮಲ್ಲಪ್ಪ ಕಾಕಾನದು. ಕಾಕಾ ವಿಜಯಪುರದ ಕಡೆಯವರು. ನೀರಿನ ಟ್ಯಾಂಕರುಗಳ ಮಾಲಕರು. ಕಾಮೋಠೆಯಲ್ಲಿ ನಲ್ಲಿ ಒಣಗಿದರೆ ಕಾಕಾನ ಮೀಸೆ ಹಸಿರಾಗುತ್ತದೆ ಎಂದು ನಾನೇ ಒಂದು ಕಾರ್ಯಕ್ರಮದಲ್ಲಿ ಹೇಳಿ, ಅವರಿಂದಲೇ ಬೆನ್ನಿಗೆ ಪ್ರೀತಿಯ ಗುದ್ದು ತಿಂದಿದ್ದೇನೆ. ಅವರಿಗೆ ಗಾಡಿ ಎಂದರೆ ಎಳೆಯುವ ವಸ್ತು. ಓಡುವುದು ಅದರ ಹವ್ಯಾಸ, ಎಳೆಯುವುದು ಧರ್ಮ. “ಏನ್ ತಮ್ಮಾ, ಇಷ್ಟ್ ದೊಡ್ಡ ಗಾಲಿ ಹಾಕಿ ನಾಕ್ ಇಪ್ಪತ್ತೇಳ ಅಂತೀಯಲ್ಲೋ! ಜಟ್ಟಿಗೆ ಹಾಲು-ಬ್ರೆಡ್ ತಿನಿಸಿದಂಗ ಆತು. ಎಂಬತ್ತೆಂಟ ಹಾಕು. ಗ್ವಾಡಿಗೆ ಹಚ್ಚಿದ್ರ ಗ್ವಾಡಿ ಹತ್ತಬೇಕು!” ಹೈವೇಯಲ್ಲಿ ಎಂಜಿನ್ ಕೂಗುತ್ತದಂತೆ ಎಂದೆ. “ಕೂಗ್ಲಿ ಬಿಡಪಾ. ನಿಮ್ಮಪ್ಪ ಕೂಗೂದಿಲ್ಲೇನು? ಸಂಸಾರ ನಡದೈತಿಲ್ಲೋ?” ಎಂದರು.

ಇಲ್ಲಿ ನಿಮಗೆ ನಮ್ಮ ಕಟ್ಟಡದ ಬಗ್ಗೆ ಸ್ವಲ್ಪ ಹೇಳಬೇಕು. ಕನ್ನಡದವರೇ ಹೆಚ್ಚಿರುವ ಸೊಸೈಟಿ ಇದು: ಎ ವಿಂಗಿನಲ್ಲಿ ಕರಾವಳಿ, ಬಿ ವಿಂಗಿನಲ್ಲಿ ಉತ್ತರ ಕರ್ನಾಟಕ, ಸಿ ವಿಂಗಿನಲ್ಲಿ ಬೆಂಗಳೂರು-ಮೈಸೂರು. ಅಪ್ಪ ಕರಾವಳಿಯ ದನಿ, ಮಲ್ಲಪ್ಪ ಕಾಕಾ ಉತ್ತರದ ದನಿ, ನಾಗೇಂದ್ರ ಸರ್ ಎರಡರ ಮಧ್ಯೆ ಕುಳಿತು ಟವಲಿನಿಂದ ಮುಖ ಒರೆಸಿಕೊಳ್ಳುವವರು. ಇಲ್ಲಿ ಯಾವ ಜಗಳವೂ ‘ಯಾರು ಸರಿ’ ಎಂದು ತೀರ್ಮಾನವಾಗುವುದಿಲ್ಲ. ‘ಇಬ್ಬರಿಗೂ ಅರ್ಧರ್ಧ’ ಎಂದು ತೀರ್ಮಾನವಾಗುತ್ತದೆ. ರಾಜ್ಯೋತ್ಸವದ ಊಟಕ್ಕೆ ಹೋಳಿಗೆಯೋ ಪಾಯಸವೋ ಎಂದು ಜಗಳವಾದಾಗ ಎರಡೂ ಮಾಡಿದರು. ಯಕ್ಷಗಾನವೋ ಡೊಳ್ಳೋ ಎಂದಾಗ ಎರಡೂ ಇಟ್ಟರು, ಒಂದೇ ವೇದಿಕೆಯಲ್ಲಿ, ಸಮಯ ಸಾಲದೆ ಒಂದೇ ಹೊತ್ತಿಗೆ. ಮಹಿಷಾಸುರ ಡೊಳ್ಳಿನ ಪೆಟ್ಟಿಗೆ ಹೆದರಿ ದೇವಿ ಬರುವ ಮೊದಲೇ ಸತ್ತ. ಮಧ್ಯದ ದಾರಿ ಹಿಡಿದರೆ ಇಬ್ಬರೂ ಸಿಟ್ಟಾಗುತ್ತಾರೆ, ಇಬ್ಬರದ್ದನ್ನೂ ಅರ್ಧರ್ಧ ಮಾಡಿದರೆ ಇಬ್ಬರೂ ಗೆದ್ದೆವೆಂದು ಮನೆಗೆ ಹೋಗುತ್ತಾರೆ. ಈ ತತ್ವದ ಹಾಲು ಕುಡಿದು ಬೆಳೆದವನು ನಾನು. ಇಲ್ಲೇ ಹುಟ್ಟಿದ ನನ್ನ ವಯಸ್ಸಿನವರು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ನಾನು ಮಾತ್ರ ಕನ್ನಡ ಕಲಿತೆ, ಅದೂ ಅಣಕಿಸುವುದಕ್ಕಾಗಿ. ಅಪ್ಪನ ಕನ್ನಡ, ಕಾಕಾನ ಕನ್ನಡ, ಸೆಕ್ರೆಟರಿಯ ಕನ್ನಡ, ಮೂರೂ ನನಗೆ ನೀರು ಕುಡಿದಷ್ಟು ಸಲೀಸು. ಸಮಾರಂಭಗಳಲ್ಲಿ ಅವರವರ ಎದುರೇ ಅವರವರನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸುವುದು ನನ್ನ ಉಪಕಸುಬು.

ಆದ್ದರಿಂದ ತುರ್ಭೆಯ ರಫೀಕ್ ಭಾಯ್ ಗ್ಯಾರೇಜಿಗೆ ಹೋದಾಗ ನನಗೆ ಹೊಳೆದ ಉಪಾಯವನ್ನು ಹುಚ್ಚು ಎನ್ನಬೇಡಿ, ಅದು ಸಂಸ್ಕಾರ. ಮುಂದಿನ ಆಕ್ಸಲಿಗೆ ಅಪ್ಪನ ನಾಲ್ಕು ಇಪ್ಪತ್ತೇಳು, ಹಿಂದಿನ ಆಕ್ಸಲಿಗೆ ಕಾಕಾನ ನಾಲ್ಕು ಎಂಬತ್ತೆಂಟು! ಮನೆಯಲ್ಲೂ ಶಾಂತಿ, ಬಿ ವಿಂಗಿನಲ್ಲೂ ಶಾಂತಿ. ರಫೀಕ್ ಭಾಯ್ ಬಾಯಿಯ ಪಾನನ್ನು ಎಡದಿಂದ ಬಲಕ್ಕೆ ಸರಿಸಿ ನನ್ನನ್ನು ನೋಡಿದ. “ಶಾದಿ ಹೈ ಕ್ಯಾ? ಏಕ್ ಇಧರ್ ಸೇ, ಏಕ್ ಉಧರ್ ಸೇ?” ಎಂದ, ಹೆಣ್ಣು ಆ ಕಡೆಯದು, ಗಂಡು ಈ ಕಡೆಯದು ಎಂದು ಮದುವೆ ಕುದುರಿಸುವವನ ಹಾಗೆ. ನಾನು ಅಪ್ಪನ ದನಿಯಲ್ಲಿ ಒಮ್ಮೆ, ಕಾಕಾನ ದನಿಯಲ್ಲಿ ಒಮ್ಮೆ ಇಡೀ ವಾದವನ್ನು ಆಡಿ ತೋರಿಸಿದೆ. ಅವನಿಗೆ ಕನ್ನಡ ತಿಳಿಯದಿದ್ದರೂ ನಕ್ಕು ನಕ್ಕು ಪಾನು ಉಗುಳಬೇಕಾಯಿತು. ಗಿರಾಕಿ ಕೇಳಿದ್ದನ್ನು ಹಾಕುವುದೇ ತನ್ನ ಮಜಹಬ್, ತನ್ನ ಧರ್ಮ ಎಂದು ಸಾರಿ ಕೆಲಸ ಹಿಡಿದ. ಗಾಡಿ ಕೊಡುವಾಗ ಮಾತ್ರ ಒಂದು ಎಚ್ಚರಿಕೆ ಕೊಟ್ಟ: ಮಾಮೂಲಾಗಿ ಹಿಂದಿನ ಚಕ್ರಗಳೇ ಗಾಡಿ ತಳ್ಳುತ್ತವೆ, ಆಗ ತೊಂದರೆ ಇಲ್ಲ. ಆದರೆ ಸಣ್ಣ ಲಿವರ್ ಎಳೆದು ನಾಲ್ಕೂ ಚಕ್ರಗಳಿಗೆ ಬಲ ಕೊಟ್ಟರೆ ಮುಂದಿನವು ಬೇಗ ಹೋಗಬೇಕೆನ್ನುತ್ತವೆ, ಹಿಂದಿನವು ನಿಧಾನ ಎನ್ನುತ್ತವೆ. “ಫೋರ್ ವೀಲ್ ಮತ್ ಲಗಾನಾ, ಬಸ್.” ನಾಲ್ಕು ಚಕ್ರದ ಬಲಕ್ಕಾಗಿಯೇ ಕೊಂಡ ಜೀಪಿನಲ್ಲಿ ಅದೊಂದನ್ನು ಬಳಸಬೇಡ ಎಂದ ಹಾಗಾಯಿತು. ಆದರೇನು, ಏರು ಹತ್ತಬೇಕಾದದ್ದು ತಾನೆ?

ಹತ್ತಿತು! ಕಾಕಾನ ಗೇರ್ ಹಿಂದಿನಿಂದ ಒದ್ದ ಒದೆತಕ್ಕೆ ಜೀಪು ಪಾರ್ಕಿಂಗಿನ ಏರನ್ನು ಮೇಕೆಯ ಹಾಗೆ ಹತ್ತಿತು. ಅಪ್ಪ “ನೋಡಿದ್ಯಾ, ಇಪ್ಪತ್ತೇಳು!” ಎಂದರು. ಕಾಕಾ “ಎಂಬತ್ತೆಂಟ ಅಂದ್ರ ಸುಮ್ನ ಏನು?” ಎಂದರು. ನಾನು ಅವರಿಗೆ ಅವರವರ ನಂಬರನ್ನು ಮಾತ್ರ ಹೇಳಿದ್ದೆ. ಸುಳ್ಳು ಹೇಳಿರಲಿಲ್ಲ, ಆಕ್ಸಲ್ ಯಾವುದೆಂದು ಅವರು ಕೇಳಿರಲಿಲ್ಲ. ಅಲ್ಲಿಗೆ ಸುಮ್ಮನಿದ್ದಿದ್ದರೆ ಜೀಪು ಇವತ್ತಿಗೂ ಇಬ್ಬರ ರಾಜ್ಯಭಾರದಲ್ಲಿ ನೆಮ್ಮದಿಯಾಗಿ ಓಡುತ್ತಿತ್ತು. ಆದರೆ ಗಣಪತಿಯ ಸಭೆಯಲ್ಲಿ ನಾಗೇಂದ್ರ ಸರ್, ಮೂರ್ತಿಯನ್ನು ಕೆರೆಗೆ ಒಯ್ಯಲು ಈ ಸಲ ಯಾವ ಟೆಂಪೊ ಹೇಳೋಣ ಎಂದು ಕೇಳಿ, ನನ್ನ ಕಡೆ ನೋಡಿ ನಕ್ಕು, “ನಿನ್ನದು ಬೇಡಪ್ಪಾ. ವಿಘ್ನ ನಿವಾರಕನನ್ನ ವಿಘ್ನದ ಮೇಲೇ ಕೂರಿಸೋದು ಚೆನ್ನಾಗಿರಲ್ಲ” ಎಂದರು. ಸಭೆ ನಕ್ಕಿತು. ಎಲ್ಲರನ್ನೂ ನಗಿಸುವವನಿಗೆ ತನ್ನನ್ನು ನೋಡಿ ಬೇರೆಯವರು ನಕ್ಕರೆ ಸಹಿಸಲಾಗುವುದಿಲ್ಲ. ನಾನು ಎದ್ದು ನಿಂತು, ಅವರದೇ ದನಿಯಲ್ಲಿ, “ತಪ್ಪು ತಿಳ್ಕೋಬೇಡಿ ಸರ್, ಈ ಸಲ ಗಣಪತೀನ ನನ್ನ ಜೀಪೇ ಎಳೆಯತ್ತೆ. ದಾರೀಲಿ ನಿಂತ್ರೆ ಪಾರ್ಕಿಂಗ್ ನಿಮ್ದು” ಎಂದೆ. ಸಭೆ ಇನ್ನೂ ಜೋರಾಗಿ ನಕ್ಕಿತು. ನಾಗೇಂದ್ರ ಸರ್ ಕೂಡ ನಕ್ಕರು, ಆದರೆ ನಗುತ್ತಲೇ ಅದನ್ನು ನಿರ್ಣಯವೆಂದು ಪಾಸು ಮಾಡಿಬಿಟ್ಟರು.

ವಿಸರ್ಜನೆಯ ದಿನ ಕಾಕಾನ ಅಂಗಳದಿಂದ ತಂದ ಚಪ್ಪಟೆ ಟ್ರಾಲಿಯ ಮೇಲೆ ಗಣಪತಿಯನ್ನು ಕೂರಿಸಿ ಜೀಪಿನ ಹಿಂದೆ ಕಟ್ಟಿದೆವು. ಮೆರವಣಿಗೆಯಲ್ಲಿ ಗಾಡಿ ಓಡಿಸುವುದು ಬೆಟ್ಟ ಹತ್ತುವುದಕ್ಕಿಂತ ಕಷ್ಟ. ಅಜ್ಜಿಯಂದಿರ ನಡಿಗೆಗಿಂತ ಮುಂದೆ ಹೋಗಬಾರದು, ಢೋಲಿನವರು ನಿಂತಲ್ಲಿ ನಿಲ್ಲಬೇಕು, ಅವರು ಕುಣಿದು ಮುಗಿಸಿದಾಗ ಮೂರ್ತಿ ಕುಲುಕದಂತೆ ಹೊರಡಬೇಕು. ಹಳೆಯ ಗೇರಿನಲ್ಲಾಗಿದ್ದರೆ ಕ್ಲಚ್ಚು ಮೊದಲ ತಿರುವಿನಲ್ಲೇ ಭಸ್ಮವಾಗಿ ಪ್ರಸಾದವಾಗುತ್ತಿತ್ತು. ಈಗ ಜೀಪು ಕ್ಲಚ್ಚು ಬಿಟ್ಟರೂ ಆಮೆಯಂತೆ ತೆವಳುತ್ತಿತ್ತು. ಅಪ್ಪ ಮುಂದೆ ತಾಳ ಹಾಕುತ್ತ, ನಡುನಡುವೆ ಬಾನೆಟ್ಟನ್ನು ತಮ್ಮ ಎತ್ತಿನಂತೆ ತಟ್ಟುತ್ತ ನಡೆದರು. ಕಾಕಾ ಟ್ರಾಲಿಯ ಪಕ್ಕದಲ್ಲಿ ಮೀಸೆಯ ಮೇಲೆ ಗುಲಾಲು ಹಚ್ಚಿಕೊಂಡು, “ಎಳೀಲಿ, ಎಳೀಲಿ!” ಎನ್ನುತ್ತ ನಡೆದರು. ನಾಗೇಂದ್ರ ಸರ್ ಗಡಿಯಾರ ನೋಡುತ್ತ ನಡೆದರು. ನಾನು ಸ್ಟಿಯರಿಂಗಿನ ಹಿಂದೆ ಕುಳಿತು ಮನಸ್ಸಿನಲ್ಲೇ ಗೆದ್ದವರ ಭಾಷಣ ತಯಾರಿಸುತ್ತಿದ್ದೆ.

ಕೆರೆಯ ಹತ್ತಿರ ಒಂದು ಸಣ್ಣ ದಿಬ್ಬ. ನಮಗಿಂತ ಮುಂಚೆ ಹೋದ ಗಣಪತಿಗಳ ಹೂವು, ಗರಿಕೆ, ಮಳೆಯ ಕೆಸರು ಎಲ್ಲ ತುಳಿದು ಪಾಯಸವಾಗಿತ್ತು. ಹಿಂದಿನ ಚಕ್ರಗಳು ಅದರ ಮೇಲೆ ಬಂದದ್ದೇ ತಡ, ಇದ್ದಲ್ಲೇ ಗಿರಗಿರ ತಿರುಗಿ ಹಿಂದೆ ನಡೆಯುತ್ತಿದ್ದ ಭಜನೆ ಮಂಡಳಿಗೆ ಹೂವಿನ ಅಭಿಷೇಕ ಮಾಡಿದವು. “ಫೋರ್ ವೀಲ್ ಹಾಕು ಮಾರಾಯ!” ಎಂದು ಅಪ್ಪ ಕೂಗಿದರು. “ಫೋರ್ ವೀಲ್ ಹಾಕಲೇ ತಮ್ಮಾ!” ಎಂದು ಕಾಕಾ ಕೂಗಿದರು. ಅವರಿಬ್ಬರೂ ಒಂದೇ ಮಾತು ಹೇಳಿದ್ದನ್ನು ನಾನು ಜೀವಮಾನದಲ್ಲಿ ಕೇಳಿದ್ದು ಅದೇ ಮೊದಲು, ಅದೂ ಹಾಕಬಾರದಂಥ ಒಂದೇ ಒಂದು ವಸ್ತುವಿನ ಬಗ್ಗೆ! ಹಾಕದಿದ್ದರೆ ಇಲ್ಲೇ ನಿಂತೆ; ಹಾಕಿದರೆ ರಫೀಕ್ ಭಾಯ್ ಹೇಳಿದ್ದು. ನಾಗೇಂದ್ರ ಸರ್ ಗಡಿಯಾರ ಬಿಟ್ಟು ನನ್ನನ್ನು ನೋಡತೊಡಗಿದರು. ಆ ನೋಟಕ್ಕೆ ಸೆಡ್ಡು ಹೊಡೆದು ಲಿವರ್ ಎಳೆದೆ.

ಕೆಸರು ಇರುವಷ್ಟು ದೂರ ಜೀಪು ಹೋಯಿತು. ಒಪ್ಪದ ಚಕ್ರಗಳು ಕೆಸರಿನಲ್ಲಿ ಹೇಗೋ ಜಾರಿಕೊಂಡವು. ಕೆಸರು ಮುಗಿದು ಒಣ ಸಿಮೆಂಟು ಬಂತು ನೋಡಿ, ಮುಂದಿನ ಚಕ್ರಗಳು ಉಡುಪಿಗೆ ಹೊರಟವು, ಹಿಂದಿನ ಚಕ್ರಗಳು ಕಬ್ಬಿನ ಗಾಡಿ ಎಳೆಯಲು ನಿಂತವು. ನಡುವೆ ಸಿಕ್ಕಿದ ಜೀಪು ಕೋಳಿ ಅಂಕದ ಹುಂಜದ ಹಾಗೆ ಎರಡು ಸಲ ಕುಪ್ಪಳಿಸಿತು. ಹೊಟ್ಟೆಯೊಳಗಿಂದ ‘ಕಟಕ್’ ಎಂದು ಗೇರಿನ ಹಲ್ಲು ಮುರಿದ ಸದ್ದು. ಆಮೇಲೆ ನಿಂತಿತು. ಎಂಜಿನ್ ಮಾತ್ರ ಗುಡುಗುಡು ಎನ್ನುತ್ತಲೇ ಇತ್ತು. ಕೆರೆ ಹತ್ತು ಮಾರು ದೂರದಲ್ಲಿತ್ತು. ಗಣಪತಿ ನಗುತ್ತಲೇ ಇದ್ದ, ಅವನನ್ನು ಹಾಗೆಯೇ ಮಾಡಿರುತ್ತಾರೆ.

“ಎಂಜಿನ್ ನಿಂತಿಲ್ಲ ಸರ್!” ಎಂದು ನಾನು ಕಿಟಕಿಯಿಂದ ಕೂಗಿದೆ. ನಾಗೇಂದ್ರ ಸರ್ ಹತ್ತಿರ ಬಂದು ಜೀಪಿನ ಸದ್ದನ್ನು ಆಲಿಸಿ, “ಹೌದಪ್ಪಾ, ಶಬ್ದ ಬರ್ತಾ ಇದೆ, ಮುಂದಕ್ಕೆ ಹೋಗ್ತಾ ಇಲ್ಲ. ನಮ್ಮ ಕಮಿಟಿ ಥರಾನೇ ಇದೆ” ಎಂದರು. ಏನಾಯಿತು, ಏನಾಯಿತು ಎಂದು ಜನ ಮುತ್ತಿದರು. ನಾನು ಕೆಳಗಿಳಿದೆ. ತಲೆ ತಗ್ಗಿಸುವುದು ನನ್ನ ಜಾಯಮಾನವಲ್ಲ. ಬಾನೆಟ್ಟಿಗೆ ಒರಗಿ ನಿಂತು, ಮುಂದೆ ಅಪ್ಪನ ಇಪ್ಪತ್ತೇಳಿದೆ, ಹಿಂದೆ ಕಾಕಾನ ಎಂಬತ್ತೆಂಟಿದೆ, ನಮ್ಮ ಕಟ್ಟಡದಲ್ಲಿ ಹೋಳಿಗೆ-ಪಾಯಸ ಎರಡೂ ನಡೆಯುವುದಾದರೆ ಇದೇಕೆ ನಡೆಯಬಾರದು ಎಂದು ಸಭೆಗೆ ಸವಾಲು ಹಾಕಿದೆ. ನನ್ನನ್ನು ಇಬ್ಬರೂ ಸೇರಿ ಬೈಯುತ್ತಾರೆ ಎಂದುಕೊಂಡೆ. ನನಗೆ ನನ್ನ ಜನ ಇನ್ನೂ ಅರ್ಥವಾಗಿರಲಿಲ್ಲ.

“ಅಂದ್ರೆ ಇಷ್ಟು ದಿನ ನನ್ನ ಗೇರ್ ಕೆಲಸವೇ ಮಾಡ್ಲಿಲ್ವಾ?” ಎಂದು ಅಪ್ಪ ಕೇಳಿದರು. “ಏರು ಹತ್ತಿದ್ದೂ ಅವರದ್ದಾ? ನನ್ನದು ಸುಮ್ನೆ ಶೋಕಿಗೆ ಮುಂದೆ ಕೂತದ್ದಾ?”

“ಅಲ್ಲಪಾ, ನಮ್ಮದನ್ನ ಹಿಂದ್ಯಾಕ ಹಾಕಿದಿ?” ಎಂದು ಕಾಕಾ ಎದೆ ತಟ್ಟಿಕೊಂಡರು. “ಊಟಕ್ಕೂ ನಾವು ಎರಡನೇ ಪಂಕ್ತಿ, ಭಾಷಣಕ್ಕೂ ನಾವು ಕಡೀಕ, ಈಗ ಗಾಡ್ಯಾಗೂ ಹಿಂದ! ದುಡಿಯೂದು ನಾವು, ಮುಂದ ನಿಂತು ಮಾಲಿ ಹಾಕಿಸಿಕೊಳ್ಳೂದು ನೀವು!”

“ಮಾಲೆ ಬಾನೆಟ್ಟಿಗೆ ಹಾಕಿದ್ದು, ನನಗಲ್ಲ!”

“ಬಾನೆಟ್ಟ ಯಾರ ಕಡೀಗೈತಿ?”

ಈ ವಾದ ಬೆಳೆಯುತ್ತಿದ್ದಾಗ ಭಜನೆ ಮಂಡಳಿಯ ಹೆಂಗಸರೇ ಟ್ರಾಲಿಯನ್ನು ಬಿಚ್ಚಿ, ಮೋರ್ಯಾ ಎಂದು ತಳ್ಳಿಕೊಂಡು ಹೋಗಿ, ಆರತಿ ಮಾಡಿ, ಗಣಪತಿಯನ್ನು ನೀರಿಗೆ ಬಿಟ್ಟು ವಾಪಸು ಬಂದರು. ಮುಂದಿನವರು ಯಾರು, ಹಿಂದಿನವರು ಯಾರು ಎಂಬುದು ಆಗಲೂ ಇತ್ಯರ್ಥವಾಗಿರಲಿಲ್ಲ. ಅಮ್ಮ ಒದ್ದೆ ಸೆರಗು ಹಿಂಡುತ್ತ ನನ್ನ ಹತ್ತಿರ ಬಂದು, “ಸಣ್ಣ ಕಲ್ಲು” ಎಂದಷ್ಟೇ ಹೇಳಿದಳು.

ಕಮಿಟಿ ಸೇರಿತು. ಪಾರ್ಕಿಂಗ್ ರದ್ದು ಎಂದು ಕೆಲವರು, ಹುಡುಗ ಗಣಪತಿಗಾಗಿ ಮಾಡಿದ್ದು ಎಂದು ಕೆಲವರು. ನಾಗೇಂದ್ರ ಸರ್ ಟವಲಿನಿಂದ ಮುಖ ಒರೆಸಿಕೊಂಡು, ದೀಪಾವಳಿಯೊಳಗೆ ಗಾಡಿಯನ್ನು ಸರಿ ಮಾಡಿಸಿ ತಾವು ಪಕ್ಕದಲ್ಲಿ ಕುಳಿತಿರುವಾಗ ಆ ಏರನ್ನು ಒಂದೇ ಉಸಿರಿಗೆ ಹತ್ತಿಸಬೇಕು, ಅದೂ ನಾಲ್ಕು ಚಕ್ರದ ಲಿವರ್ ಎಳೆದು, ಇಲ್ಲದಿದ್ದರೆ ಜೀಪು ಹೊರಗೆ ಎಂದು ತೀರ್ಪು ಕೊಟ್ಟರು. ಅಪ್ಪ, ಎರಡಕ್ಕೂ ಇಪ್ಪತ್ತೇಳು ಎಂದರು. ಕಾಕಾ, ಎರಡಕ್ಕೂ ಎಂಬತ್ತೆಂಟು ಎಂದರು. ನಾನು, ಈ ಸಲ ಯಾರ ಮಾತೂ ಇಲ್ಲ, ಮುಂದೂ ಹಿಂದೂ ನನ್ನ ನಂಬರು ಎಂದು ಸಾರಿ ತುರ್ಭೆಗೆ ಹೊರಟೆ. ಹೋಗುವಾಗ ಎಷ್ಟು ಠೀವಿಯಿತ್ತೆಂದರೆ, ಕ್ರೇನಿನ ಕೊಂಡಿಗೆ ನೇತುಬಿದ್ದ ಜೀಪಿನೊಳಗೆ ಕುಳಿತೂ ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದೆ.

“ಬೋಲ್,” ಎಂದ ರಫೀಕ್ ಭಾಯ್. ಬಾಯಿ ತೆರೆದೆ. ‘ಎಂಜಿನ್ ಬೊಬ್ಬೆ ಹೊಡೀತದೆ ಮಾರಾಯ’ ಎಂದು ಅಪ್ಪನ ದನಿ ಬಂತು. ಗಂಟಲು ಸರಿಮಾಡಿಕೊಂಡು ಮತ್ತೆ ತೆರೆದೆ. ‘ಗ್ವಾಡಿ ಹತ್ತಬೇಕಲೇ’ ಎಂದು ಕಾಕಾ ಬಂದರು. ಮೂರನೆಯ ಸಲ ಪ್ರಯತ್ನಿಸಿದರೆ ‘ಮುಂದಿನ ಮೀಟಿಂಗ್‌ನಲ್ಲಿ ಇಡೋಣ’ ಎಂದು ನಾಗೇಂದ್ರ ಸರ್! ಗ್ಯಾರೇಜಿನವರೆಲ್ಲ ಸ್ಪ್ಯಾನರ್ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ನಾನು ಬೆವರಿದೆ, ಏಕೆಂದರೆ ಅವುಗಳಲ್ಲಿ ಒಂದನ್ನೂ ನಾನು ಬೇಕೆಂದು ಮಾಡಿರಲಿಲ್ಲ. ಅಪ್ಪನಿಗೆ ಉಡುಪಿ ಬೇಕು, ಕಾಕಾನಿಗೆ ಎಳೆತ ಬೇಕು, ಸೆಕ್ರೆಟರಿಗೆ ದಾರಿ ಬೇಕು. ನನಗೇನು ಬೇಕು? ಶನಿವಾರ ಪನ್ವೇಲ್ ಆಚೆ ಗುಡ್ಡದ ಕೆಸರಿನಲ್ಲಿ ಬಿದ್ದು ಹೊರಳಾಡಬೇಕು, ಸೋಮವಾರ ಆ ಜೀಪಿನಲ್ಲೇ ಐರೋಳಿಯ ಆಫೀಸಿಗೆ ಹೋಗಬೇಕು, ದೊಡ್ಡ ಟೈರು ದೊಡ್ಡದಾಗಿಯೇ ಇರಬೇಕು. ಅದಕ್ಕೆ ಇಪ್ಪತ್ತೇಳು ಸಾಲದು, ಎಂಬತ್ತೆಂಟು ಹೆಚ್ಚು. “ನಾಲ್ಕು ಐವತ್ತಾರು,” ಎಂದೆ. “ಎರಡಕ್ಕೂ.” ದನಿ ತೆಳ್ಳಗೆ, ಸ್ವಲ್ಪ ಒಡಕಾಗಿ ಬಂತು. ರಫೀಕ್ ಭಾಯ್ ಹುಬ್ಬು ಗಂಟಿಕ್ಕಿ, “ಯೇ ಕಿಸ್‌ಕಾ ಆವಾಜ್ ಥಾ? ಪೆಹಚಾನಾ ನಹೀಂ” ಎಂದ. ಅದು ಯಾರ ದನಿಯೆಂದು ಅವನಿಗೆ ಗುರುತೇ ಸಿಕ್ಕಿರಲಿಲ್ಲ.

ಐವತ್ತಾರು ಇಲ್ಲಿ ಸಿಗುವುದಿಲ್ಲ, ಹೊರಗಿನಿಂದ ತರಿಸಬೇಕು. ತರಿಸಿದೆ. ದೀಪಾವಳಿಗೆ ಮುಂಚಿನ ಭಾನುವಾರ ನಾಗೇಂದ್ರ ಸರ್ ಪಕ್ಕದಲ್ಲಿ ಕುಳಿತು ಸೀಟ್ ಬೆಲ್ಟ್ ಎರಡ್ಮೂರು ಸಲ ಎಳೆದು ನೋಡಿದರು. ಏರಿನ ಒಂದು ಬದಿಗೆ ಅಪ್ಪ, ಇನ್ನೊಂದು ಬದಿಗೆ ಕಾಕಾ, ಬಾಲ್ಕನಿಗಳಲ್ಲಿ ಮೂರೂ ವಿಂಗುಗಳು. ತಿರುವಿನಲ್ಲಿ ಚಕ್ರಗಳು ಕಿರುಗುಟ್ಟದಿರಲೆಂದು ವಾಚ್‌ಮನ್ ಏರಿಗೆಲ್ಲ ನೀರು ಚೆಲ್ಲಿದ್ದ. ಲಿವರ್ ಎಳೆದೆ, ಕ್ಲಚ್ಚು ಬಿಟ್ಟೆ. ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಮೊದಲ ಬಾರಿಗೆ ಒಂದೇ ಮಾತಾಡಿದವು. ಜೀಪು ಹತ್ತಿತು, ಆತುರವಿಲ್ಲದೆ, ಕೆಮ್ಮದೆ, ತನ್ನ ಪಾಡಿಗೆ ತಾನು ಹತ್ತಿ ತನ್ನ ಜಾಗದಲ್ಲಿ ಹೋಗಿ ನಿಂತಿತು. ನಾಗೇಂದ್ರ ಸರ್ ಕೆಳಗಿಳಿದು, “ಪಾರ್ಕಿಂಗ್ ಇರ್ಲಿ ಕಣಪ್ಪಾ” ಎಂದು ಹೇಳಿ, ಪ್ಯಾಂಟಿಗೆ ಅಂಟಿದ ಜೀಪಿನ ಕೆಸರನ್ನು ಒರೆಸಿಕೊಳ್ಳುತ್ತ ಹೋದರು.

ನಾನು ಉದ್ದಕ್ಕೆ ಹಾರ್ನ್ ಹೊಡೆದು, ಜೀಪಿನಿಂದ ಇಳಿದು, “ಇದು ನನ್ನ ನಂಬರು!” ಎಂದು ಗೋಡೆಯ ಮೇಲಿಂದ ಕೆಳಗೆ ಕೂಗಿದೆ. ಯಾರೂ ತಲೆ ಎತ್ತಲಿಲ್ಲ. ಕೆಳಗೆ ಅಪ್ಪ ಕಾಕಾನಿಗೆ, ಐವತ್ತಾರು ಎಂದರೆ ಇಪ್ಪತ್ತೇಳರ ಹತ್ತಿರದ ಸಂಬಂಧಿ, ಹುಡುಗ ಕೊನೆಗೂ ತಂದೆಯ ಕಡೆಗೇ ಬಂದ ಎಂದು ವಿವರಿಸುತ್ತಿದ್ದರು. ಕಾಕಾ, ಇಪ್ಪತ್ತೇಳನ್ನು ಬಿಟ್ಟು ಮೇಲಕ್ಕೆ ಹೊರಟವನು ಎಂಬತ್ತೆಂಟರ ಮನೆಗಲ್ಲದೆ ಮತ್ತೆ ಯಾರ ಮನೆಗೆ ಹೊರಟಂತಾಯಿತು ಎಂದು ಕೇಳುತ್ತಿದ್ದರು. ಬಾಲ್ಕನಿಗಳು ಆಗಲೇ ಎರಡು ಪಕ್ಷಗಳಾಗಿದ್ದವು. ಹೇಳಿಕೊಳ್ಳಲಿ. ನಂಬರು ನನ್ನದು, ಟೈರು ನನ್ನದು, ಜಾಗ ನನ್ನದು. ಹಾಗೆಂದು ಎದೆಯುಬ್ಬಿಸಿ ಜೀಪಿನೊಳಕ್ಕೆ ಹೋಗಿ ಕುಳಿತೆ, ಗಾಜು ಏರಿಸಿದೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಮೊಬೈಲು ತೆಗೆದು, ಐವತ್ತಾರರಿಂದ ಇಪ್ಪತ್ತೇಳನ್ನು ಕಳೆದೆ, ಎಂಬತ್ತೆಂಟರಿಂದ ಐವತ್ತಾರನ್ನು ಕಳೆದೆ. ಉತ್ತರ ಬಂತು. ಕೂದಲೆಳೆಯ ಅಂತರದಲ್ಲಿ ಒಬ್ಬರು ಗೆದ್ದಿದ್ದರು. ಯಾರೆಂದು ನಾನಂತೂ ಬಾಯಿ ಬಿಡುವುದಿಲ್ಲ. ಬೇಕಿದ್ದರೆ ನೀವೇ ಕಳೆದು ನೋಡಿಕೊಳ್ಳಿ.